ಕದ್ದ ಬರಹದ ಬೆನ್ನು ಹತ್ತಿದ್ದು: ನನ್ನ ಅನುಭವ

ನಾನಿರುವುದು ನಾಪೋಕ್ಲು ಕಡೆ. ನಮ್ಮ ಕೊಡಗಿನ ಅಡುಗೆ, ಕಾಫಿ ತೋಟದ ಕೆಲಸ, ಪುತ್ತರಿ, ಕಕ್ಕಡ ತಿಂಗಳ ಮದ್ದು ಸೊಪ್ಪು, ಇಂಥವನ್ನೆಲ್ಲ ನನ್ನದೇ ಒಂದು ಸಣ್ಣ ವೆಬ್‌ಸೈಟ್‌ನಲ್ಲಿ ಬರೆಯುತ್ತೇನೆ. ಬರೆದದ್ದನ್ನು ಬೇರೆ ಸೈಟಿನವರು ಹೇಳದೆ ಕೇಳದೆ ಎತ್ತಿಕೊಂಡು ತಮ್ಮ ಹೆಸರಲ್ಲಿ ಹಾಕಿಕೊಳ್ಳುತ್ತಾರೆ. "ಹೋಗ್ಲಿ ಬಿಡಿ, ಇಂಟರ್ನೆಟ್ ಅಂದ್ರೆ ಹಾಗೇ ಅಲ್ವಾ" ಅನ್ನುವವರೇ ಜಾಸ್ತಿ. ನಾನು ಬಿಡಲಿಲ್ಲ. ಬಿಡಬಾರದು ಅಂತ ಗಟ್ಟಿಯಾಗಿ ಅನ್ನಿಸಿದ್ದು ಕಣಿಲೆ ಬರಹದ ವಿಷಯದಲ್ಲಿ.

ಮಳೆ ಹಿಡಿದರೆ ನಮ್ಮಲ್ಲಿ ಕಣಿಲೆ ಕಾಲ. ಎಳೆ ಬಿದಿರಿನ ಮೊಳಕೆಯ ಹೊರಗಿನ ಸಿಪ್ಪೆ ಬಿಡಿಸಿ, ಸಣ್ಣಗೆ ಹೆಚ್ಚಿ, ನೀರಲ್ಲಿ ಮುಳುಗಿಸಿ ಇಡುತ್ತೇವೆ. ದಿನಾ ಆ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಎರಡು ಮೂರು ದಿನ ಹೀಗೆ ಮಾಡಿದ ಮೇಲೆ ಚೆನ್ನಾಗಿ ಬೇಯಿಸಿ, ಬೇಯಿಸಿದ ನೀರನ್ನೂ ಬಸಿದುಬಿಡಬೇಕು. ಇದು ಬರೀ ಕಹಿ ಹೋಗಲಿ ಅಂತಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಹೊರಬಿಡುವ ಅಂಶ ಇರುತ್ತದೆ. ನೆನೆಸಿ, ಬೇಯಿಸಿ, ನೀರು ಬಸಿದರೆ ಮಾತ್ರ ತಿನ್ನಲು ಯೋಗ್ಯ. ಇದನ್ನೆಲ್ಲ ನನಗೆ ಕೈಹಿಡಿದು ಕಲಿಸಿದ್ದು ಪಕ್ಕದ ಮನೆಯ ಅಕ್ಕ. ಅವರ ಅಡುಗೆಮನೆಯಲ್ಲೇ ಕೂತು ಟಿಪ್ಪಣಿ ಮಾಡಿಕೊಂಡು, ಅವರ ಹಿತ್ತಾಳೆ ಪಾತ್ರೆಯಲ್ಲಿ ನೆನೆಹಾಕಿದ ಕಣಿಲೆಯ ಫೋಟೋ ತೆಗೆದು, ಅವರಿಂದ ಕಲಿತದ್ದು ಅಂತ ಹೇಳಿಯೇ ಬರೆದಿದ್ದೆ.

ಒಂದು ಮಳೆಗಾಲ ಬೆಂಗಳೂರಿನಿಂದ ಓದುಗರೊಬ್ಬರು ಮೆಸೇಜ್ ಮಾಡಿದರು. "ಮೇಡಂ, ಕಣಿಲೆ ತಂದಿದ್ದೇನೆ. ತೊಳೆದು ನೇರವಾಗಿ ಒಗ್ಗರಣೆಗೆ ಹಾಕಬಹುದಾ? ಇನ್ನೊಂದು ಕಡೆ ಹಾಗೆ ಓದಿದೆ, ಫೋಟೋ ಮಾತ್ರ ನಿಮ್ಮದೇ ಇದ್ದ ಹಾಗಿದೆ." ಲಿಂಕ್ ತೆರೆದು ನೋಡಿದೆ. ಅಕ್ಕನ ಹಿತ್ತಾಳೆ ಪಾತ್ರೆ, ಅದರ ಅಂಚಿನ ನೆಗ್ಗು ಕೂಡ ಹಾಗೇ ಇತ್ತು. ವಾಕ್ಯಗಳೂ ಬಹುಪಾಲು ನನ್ನವೇ. ಆದರೆ ಬರಹವನ್ನು ಗಿಡ್ಡ ಮಾಡಲು ಹೋಗಿ, ನೆನೆಹಾಕುವ, ನೀರು ಬದಲಿಸುವ, ಬಸಿಯುವ ಸಾಲುಗಳನ್ನೆಲ್ಲ ಸೇರಿಸಿ "ನೀರಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಿ" ಅಂತ ಒಂದೇ ಸಾಲು ಮಾಡಿದ್ದರು. ಅಕ್ಕನ ಪ್ರಸ್ತಾಪವೇ ಇಲ್ಲ. ಮೇಲೆ ಕೆಳಗೆ ಜಾಹೀರಾತು.

ಓದುಗರಿಗೆ ಮೊದಲು ಉತ್ತರ ಕೊಟ್ಟೆ: ದಯವಿಟ್ಟು ಹಾಗೆ ಮಾಡಬೇಡಿ, ನೆನೆಹಾಕಿ. ಆಮೇಲೆ ಅಕ್ಕನಿಗೆ ತೋರಿಸಿದೆ. ಅವರು ಓದಿ, "ಇವರು ಯಾರು? ನಮ್ಮ ಮನೆಗೆ ಬಂದಿದ್ರಾ? ನೆನೆಸದೆ ತಿನ್ನಿ ಅಂತ ನಾನು ಯಾವಾಗ ಹೇಳಿದೆ?" ಅಂದರು. ಅವರಿಗೆ ಆದ ಬೇಸರ ನೋಡಿ ನನಗೆ ಇನ್ನೂ ಜಾಸ್ತಿ ಹೊಟ್ಟೆ ಉರಿಯಿತು. ಕದ್ದ ಬರಹ ಅಂದರೆ ಬರೆದವರ ಹೆಸರು ಹೋಗುವುದಷ್ಟೇ ಅಲ್ಲ. ಅದರಲ್ಲಿ ತಪ್ಪು ನುಸುಳಿದರೆ ತಿದ್ದುವವರೂ ಇರುವುದಿಲ್ಲ. ನನ್ನ ಸೈಟಿನಲ್ಲಿ ಏನಾದರೂ ಸರಿಯಿಲ್ಲದಿದ್ದರೆ ಓದುಗರು ನನ್ನನ್ನು ಕೇಳಬಹುದು. ಅಲ್ಲಿ ಕೇಳುವುದು ಯಾರನ್ನು?

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲ ಕೆಲಸ, ಎಲ್ಲೆಲ್ಲಿ ಕದ್ದಿದ್ದಾರೆ ಅಂತ ಹುಡುಕುವುದು. ನನ್ನ ಬರಹದಿಂದ ಬೇರೆ ಯಾರೂ ಬರೆಯಲಾರದಂಥ ಒಂದು ಸಾಲು ಆರಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕುತ್ತೇನೆ. ಏಳೆಂಟು ಪದ ಸಾಕು. ಉದ್ದ ಸಾಲು ಕೊಟ್ಟರೆ ಕನ್ನಡದಲ್ಲಿ ತಪ್ಪಿಹೋಗುವುದೇ ಜಾಸ್ತಿ. ಅವರು ಒಂದು ಪದ ಬದಲಿಸಿದ್ದರೂ ಸಿಗುವುದಿಲ್ಲ. ಅರ್ಕಾವೊತ್ತು ಬರೆಯುವ ರೀತಿ ಬೇರೆ ಇದ್ದರೂ, 'ವೆಬ್‌ಸೈಟ್' ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಅಕ್ಷರ ಸೇರಿದ್ದರೂ ಅಷ್ಟೇ. ಅದಕ್ಕೇ ಒತ್ತಕ್ಷರ ಕಡಿಮೆ ಇರುವ, ನಮ್ಮೂರ ಪದ ಇರುವ ಸಾಲನ್ನೇ ಹುಡುಕುತ್ತೇನೆ. 'ಹೂಮಳೆ', 'ಕಾಚಂಪುಳಿ' ಥರದ ಪದ ಇದ್ದರೆ ಬೇಗ ಸಿಗುತ್ತದೆ. ಫೋಟೋಗೆ ಗೂಗಲ್ ಲೆನ್ಸ್ ಸಾಕು. ಕಣಿಲೆ ಫೋಟೋ ಹಾಕಿ ಹುಡುಕಿದಾಗ ನನಗೆ ಗೊತ್ತೇ ಇಲ್ಲದ ಇನ್ನಷ್ಟು ಸೈಟುಗಳು ಸಿಕ್ಕವು.

ಎರಡನೆಯದು ಸಾಕ್ಷಿ. ಇದನ್ನು ಒತ್ತಿ ಹೇಳುತ್ತೇನೆ: ಯಾರಿಗೂ ಪತ್ರ ಬರೆಯುವ ಮೊದಲು ಸಾಕ್ಷಿ ಕೂಡಿಸಿಟ್ಟುಕೊಳ್ಳಿ. ಪತ್ರ ಹೋದ ಕೂಡಲೇ ಪುಟ ಮಾಯವಾಗಬಹುದು, ಅಥವಾ ತಾರೀಖು ಹಿಂದೆ ಹಾಕಿ "ನಾವೇ ಮೊದಲು ಬರೆದದ್ದು" ಅನ್ನಬಹುದು. ಪೂರ್ತಿ ವಿಳಾಸ ಮತ್ತು ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದೆ. ಅವರ ಪುಟವನ್ನೂ ನನ್ನ ಪುಟವನ್ನೂ, ವೆಬ್ ಪುಟಗಳ ಪ್ರತಿ ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿದೆ. ಅಲ್ಲಿ ಉಳಿಸಿದ ಸಮಯ ದಾಖಲಾಗುತ್ತದೆ. ಫೋಟೋದ ಮೂಲ ಫೈಲ್ ನನ್ನ ಹತ್ತಿರವೇ ಇತ್ತು. ಫೋಟೋ ತೆಗೆದ ದಿನ, ಕ್ಯಾಮೆರಾ ವಿವರ ಅದರೊಳಗೇ ಇರುತ್ತದೆ. ಹಾಗಾಗಿ ಈಗಲೂ ಮೂಲ ಫೋಟೋ ಒಂದನ್ನೂ ಅಳಿಸುವುದಿಲ್ಲ, ಸೈಟಿಗೆ ಹಾಕುವುದು ಚಿಕ್ಕದು ಮಾಡಿದ ಪ್ರತಿಯನ್ನು ಮಾತ್ರ. ಮುಂದೆ ಕೋರ್ಟಿಗೆ ಹೋಗಬೇಕಾಗಿ ಬಂದರೆ, ಕಂಪ್ಯೂಟರ್ ದಾಖಲೆಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರವೂ ಬೇಕು. 2024ರ ಜುಲೈ 1ರಿಂದ ಆ ಕಾನೂನು ಜಾರಿಯಲ್ಲಿದೆ.

ಕಾನೂನು ನನ್ನ ಕಡೆ ಎಷ್ಟಿದೆ ಅನ್ನುವುದನ್ನೂ ಓದಿಕೊಂಡೆ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ನೇ ಇಸವಿಯದು. ಬರೆದ ಕ್ಷಣದಿಂದಲೇ ಬರಹದ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. "ರಿಜಿಸ್ಟರ್ ಮಾಡಿಸಿದ್ದೀರಾ?" ಅಂತ ಕೇಳಿ ಬಾಯಿ ಮುಚ್ಚಿಸಲು ನೋಡುವವರು ಇದ್ದಾರೆ, ಹೆದರಬೇಡಿ. ಬರೆದವರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಬೇಕೆಂದೇ ಉಲ್ಲಂಘಿಸಿದರೆ ಈ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಇದೆ. 62ನೇ ಸೆಕ್ಷನ್ ನಮ್ಮಂಥವರಿಗೆ ದೊಡ್ಡ ಅನುಕೂಲ. ಕದ್ದವರು ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹೂಡಬಹುದು. ನನಗಾದರೆ ಮಡಿಕೇರಿ.

ನನ್ನ ಮನಸ್ಸಿಗೆ ಹತ್ತಿರವಾದದ್ದು 57ನೇ ಸೆಕ್ಷನ್. ಇದು ನನ್ನ ಬರಹ ಅಂತ ಹೇಳಿಕೊಳ್ಳುವ ಹಕ್ಕು, ತನ್ನ ಹೆಸರಿಗೆ ಧಕ್ಕೆ ಬರುವಂತೆ ಅದನ್ನು ತಿರುಚಿದರೆ ತಡೆಯುವ ಹಕ್ಕು, ಎರಡೂ ಅದರಲ್ಲಿವೆ. ಕಾಪಿರೈಟನ್ನು ಬೇರೆಯವರಿಗೆ ಮಾರಿದ್ದರೂ ಈ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ. ನೆನೆಹಾಕುವ ಸಾಲು ಕಿತ್ತುಹಾಕಿದ್ದನ್ನು ನಾನು ಪತ್ರದಲ್ಲಿ ಹಿಡಿದದ್ದು ಇದರ ಮೇಲೆಯೇ.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಕಣಿಲೆ ಪಲ್ಯ ಮಾಡುವ ವಿಧಾನ ನನ್ನ ಸ್ವತ್ತಲ್ಲ, ಅಕ್ಕನದ್ದೂ ಅಲ್ಲ. ವಿಷಯಕ್ಕೆ, ವಿಧಾನಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ. ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಹೇಳಿದೆ. ಯಾರಾದರೂ ತಮ್ಮ ಮನೆಯಲ್ಲಿ ಕಣಿಲೆ ಮಾಡಿ, ತಮ್ಮ ಮಾತಲ್ಲಿ ಬರೆದು, ತಮ್ಮ ಫೋಟೋ ಹಾಕಿದರೆ ನನಗೆ ಖುಷಿಯೇ. ನನ್ನ ಬರಹದಿಂದ ಎರಡು ಸಾಲು ಎತ್ತಿ, ನನ್ನ ಹೆಸರು ಹೇಳಿ ಚರ್ಚೆ ಮಾಡಿದರೂ ತಪ್ಪಿಲ್ಲ. ವಿಮರ್ಶೆಗೆ 52ನೇ ಸೆಕ್ಷನ್‌ನಲ್ಲೇ ಜಾಗ ಇದೆ. ದೂರು ಕೊಡುವ ಮೊದಲು ಈ ವ್ಯತ್ಯಾಸ ನೋಡಿಕೊಳ್ಳದಿದ್ದರೆ ನಾವೇ ಅನ್ಯಾಯ ಮಾಡಿದಂತೆ.

ಆಮೇಲೆ ಸೈಟಿನವರಿಗೆ ನೇರವಾಗಿ ಬರೆದೆ. ಬೈಗುಳ ಇಲ್ಲ, ಬೆದರಿಕೆ ಇಲ್ಲ. "ನಿಮ್ಮ ಈ ಪುಟದಲ್ಲಿರುವ ಬರಹ ಮತ್ತು ಫೋಟೋ ನನ್ನವು. ಮೂಲ ಇಲ್ಲಿದೆ. ನಾನು ಅನುಮತಿ ಕೊಟ್ಟಿಲ್ಲ. ನೀವು ಕಡಿದುಹಾಕಿದ ಭಾಗದಿಂದ ಓದುಗರ ಆರೋಗ್ಯಕ್ಕೆ ಅಪಾಯ ಇದೆ. ಇಂಥ ದಿನದೊಳಗೆ ತೆಗೆಯಿರಿ. ತೆಗೆಯದಿದ್ದರೆ ನಿಮ್ಮ ಹೋಸ್ಟಿಂಗ್ ಕಂಪನಿಗೆ, ಗೂಗಲ್‌ಗೆ ದೂರು ಕೊಡುತ್ತೇನೆ." ಇಷ್ಟೇ. ಹೋಸ್ಟಿಂಗ್ ಕಂಪನಿ ಅಂದರೆ ಸೈಟನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಡೆಸಿಕೊಡುವ ಕಂಪನಿ. ಸಣ್ಣ ಸೈಟಿನವರು ಕೆಲವರು ಕ್ಷಮೆ ಕೇಳಿ ತೆಗೆದರು. ಒಬ್ಬರು "ನಿಮ್ಮ ಹೆಸರು ಹಾಕ್ತೀವಿ, ಇರಲಿ ಬಿಡಿ" ಅಂದರು. ನಾನು ಒಪ್ಪಲಿಲ್ಲ. ಕೇಳದೆ ತೆಗೆದುಕೊಂಡು, ಸಿಕ್ಕಿಬಿದ್ದ ಮೇಲೆ ಹೆಸರು ಹಾಕುವುದು ಅನುಮತಿ ಆಗುವುದಿಲ್ಲ.

ಕಣಿಲೆ ಬರಹ ಕಡಿದ ಸೈಟು ಮಾತ್ರ ಉತ್ತರವನ್ನೇ ಕೊಡಲಿಲ್ಲ. ನಡೆಸುವವರ ಹೆಸರೂ ಎಲ್ಲೂ ಇರಲಿಲ್ಲ. ಸೈಟಿನ ವಿಳಾಸ (ಡೊಮೇನ್) ಯಾರ ಹೆಸರಲ್ಲಿದೆ ಅಂತ ನೋಡುವ ಹೂಇಸ್ ಹುಡುಕಾಟದಲ್ಲಿ ಮಾಲೀಕರ ವಿವರ ಈಗ ಹೆಚ್ಚಾಗಿ ಮುಚ್ಚಿಟ್ಟಿರುತ್ತದೆ. ಆದರೆ ಡೊಮೇನ್ ಮಾರಿದ ಕಂಪನಿ, ಅದರ ದೂರಿನ ಇಮೇಲ್, ಸೈಟಿನ ಹೆಸರನ್ನು ಅದಿರುವ ಜಾಗಕ್ಕೆ ಜೋಡಿಸುವ ನೇಮ್‌ಸರ್ವರ್ ಎಲ್ಲ ಕಾಣುತ್ತದೆ. ಇಲ್ಲಿ ನೇಮ್‌ಸರ್ವರ್ ಕ್ಲೌಡ್‌ಫ್ಲೇರ್‌ನದಾಗಿತ್ತು. ಇದು ಸೈಟಿನ ಮುಂದೆ ನಿಂತು ಅದನ್ನು ಓದುಗರಿಗೆ ತಲುಪಿಸುವ ಕಂಪನಿ. ಅಂದರೆ ಸೈಟು ನಿಜವಾಗಿ ಯಾರ ಕಂಪ್ಯೂಟರಿನಲ್ಲಿದೆ ಅಂತ ಹೆಚ್ಚಾಗಿ ಹೊರಗಿನಿಂದ ಗೊತ್ತಾಗುವುದಿಲ್ಲ. ಕ್ಲೌಡ್‌ಫ್ಲೇರ್‌ನ ದೂರಿನ ಫಾರ್ಮ್ ತುಂಬಿದರೆ ಅವರು ದೂರನ್ನು ಹೋಸ್ಟಿಂಗ್ ಕಂಪನಿಗೆ ದಾಟಿಸಿ, ಆ ಕಂಪನಿಯ ಹೆಸರನ್ನು ನಮಗೆ ತಿಳಿಸುತ್ತಾರೆ. ಕಂಪನಿ ಅಮೆರಿಕದ್ದು ಅಂತ ಗೊತ್ತಾಯಿತು. ನನಗೆ ಅದೇ ಒಳ್ಳೆಯದಾಯಿತು.

ಯಾಕೆ ಅಂದರೆ ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಆಕ್ಟ್) ಕಾನೂನಿನ ಪ್ರಕಾರ ಹೋಸ್ಟಿಂಗ್ ಕಂಪನಿಗೆ ನೋಟಿಸ್ ಕಳಿಸಬಹುದು. ವಕೀಲರು ಬೇಡ, ಫೀಸಿಲ್ಲ, ಕೊಡಗಿನಲ್ಲಿ ಕೂತೇ ಕಳಿಸಬಹುದು. ನಮ್ಮ ಕಾಯ್ದೆಯಲ್ಲೂ ಇಂಥ ದಾರಿ ಇದೆ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಂತೆ ದೂರು ಬಂದು, ಅದು ಸರಿ ಅನ್ನಿಸಿದರೆ 36 ಗಂಟೆಯೊಳಗೆ ಮಧ್ಯವರ್ತಿ ಕಂಪನಿ ಆ ಪುಟಕ್ಕೆ ದಾರಿ ಮುಚ್ಚಬೇಕು. ಆದರೆ 21 ದಿನದೊಳಗೆ ಕೋರ್ಟ್ ಆದೇಶ ತರುತ್ತೇನೆ ಅಂತ ನಾವು ಬರೆದುಕೊಡಬೇಕು. ತರದಿದ್ದರೆ ಪುಟ ಮತ್ತೆ ತೆರೆಯಬಹುದು. ಒಂದು ಅಡುಗೆ ಬರಹಕ್ಕೆ ಮೂರು ವಾರದಲ್ಲಿ ಕೋರ್ಟ್ ಆದೇಶ ತರುವುದು ನನ್ನ ಕೈಲಾಗುವ ಕೆಲಸವಲ್ಲ. ಹಾಗಾಗಿ ಡಿಎಂಸಿಎ ದಾರಿ ಹಿಡಿದೆ.

ನೋಟಿಸಿನಲ್ಲಿ ಏನಿರಬೇಕು ಅಂತ ಕಾನೂನೇ ಹೇಳುತ್ತದೆ: ನನ್ನ ಮೂಲ ಬರಹ ಯಾವುದು, ಕದ್ದದ್ದು ಯಾವ ಪುಟದಲ್ಲಿದೆ, ನನ್ನ ಹೆಸರು ವಿಳಾಸ ಫೋನು, ಇದಕ್ಕೆ ಅನುಮತಿ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಅನ್ನುವ ಮಾತು, ಕೊಟ್ಟ ವಿವರ ಸರಿಯಾಗಿದೆ, ಹಕ್ಕುದಾರಳು ನಾನೇ ಅನ್ನುವ ಹೇಳಿಕೆ, ಸಹಿ. ಸುಳ್ಳು ದೂರು ಕೊಟ್ಟರೆ ಕೊಟ್ಟವರೇ ಹೊಣೆ. ಕನ್ನಡ ಬರಹಕ್ಕೆ ಇನ್ನೊಂದು ಕೆಲಸ ಜಾಸ್ತಿ. ನೋಡುವವರಿಗೆ ಕನ್ನಡ ಬರುವುದಿಲ್ಲ. ಅದಕ್ಕೆ ಎರಡೂ ಪುಟದ ಸ್ಕ್ರೀನ್‌ಶಾಟ್ ಪಕ್ಕ ಪಕ್ಕ ಇಟ್ಟು, ಒಂದೇ ಥರ ಇರುವ ಸಾಲುಗಳಿಗೆ ಒಂದೇ ಬಣ್ಣ ಬಳಿದು, ಹಿತ್ತಾಳೆ ಪಾತ್ರೆಯ ಫೋಟೋಗೆ ಗುರುತು ಹಾಕಿ ಕಳಿಸಿದೆ. ಅಕ್ಷರ ಓದಲು ಬಾರದವರಿಗೂ ಕಣ್ಣಿಗೆ ಹೊಡೆಯುವಂತೆ ಇತ್ತು. ಆಗ ಮಳೆ ಜೋರು, ದಿನವೆಲ್ಲ ಕರೆಂಟ್ ಇಲ್ಲ, ನೆಟ್‌ವರ್ಕ್ ಬಂದಾಗ ಬಂತು. ಪೂರ್ತಿ ಬರೆದು ಸಿದ್ಧ ಇಟ್ಟುಕೊಂಡು, ನೆಟ್‌ವರ್ಕ್ ಸಿಕ್ಕ ಕೂಡಲೇ ಕಳಿಸಿದೆ. ಫಾರ್ಮ್‌ನೊಳಗೇ ನೇರವಾಗಿ ಬರೆಯಲು ಹೋಗಬೇಡಿ, ಅರ್ಧದಲ್ಲಿ ಸಂಪರ್ಕ ಹೋದರೆ ಎಲ್ಲ ಹೋಯಿತು.

ಅದೇ ಹೊತ್ತಿಗೆ ಗೂಗಲ್‌ಗೂ ದೂರು ಕೊಟ್ಟೆ. ಗೂಗಲ್ ತೆಗೆಯುವುದು ಹುಡುಕಾಟದ ಫಲಿತಾಂಶದಿಂದ ಮಾತ್ರ, ಸೈಟಿನಲ್ಲಿ ಪುಟ ಹಾಗೇ ಇರುತ್ತದೆ. ಆದರೂ ಕಣಿಲೆ ಕಾಲದಲ್ಲಿ ಜನ ಹುಡುಕಿಯೇ ಬರುವುದರಿಂದ ನನಗೆ ಅದೇ ಮುಖ್ಯವಾಗಿತ್ತು. ಸೈಟಿನ ಮುಖಪುಟದ ವಿಳಾಸ ಕೊಟ್ಟರೆ ಸಾಲದು, ಒಂದೊಂದು ಪುಟದ ವಿಳಾಸವನ್ನೂ ಕೊಡಬೇಕು. ನಾವು ಕೊಟ್ಟ ದೂರಿನ ಪ್ರತಿಯನ್ನು ಗೂಗಲ್ ಲ್ಯೂಮೆನ್ ಅನ್ನುವ ಸಾರ್ವಜನಿಕ ಸಂಗ್ರಹಕ್ಕೆ ಕಳಿಸುತ್ತದೆ, ಅಲ್ಲಿ ದೂರುದಾರರ ಹೆಸರು ಕಾಣಬಹುದು. ಕಾವ್ಯನಾಮದಲ್ಲಿ ಬರೆಯುವವರು ಇದನ್ನು ತಿಳಿದುಕೊಂಡೇ ಮುಂದುವರಿಯುವುದು ಒಳ್ಳೆಯದು. ಆ ಸೈಟಿನಲ್ಲಿದ್ದದ್ದು ಗೂಗಲ್ ಆಡ್‌ಸೆನ್ಸ್ ಜಾಹೀರಾತು. ಕದ್ದ ಬರಹದ ಪಕ್ಕ ಜಾಹೀರಾತು ಹಾಕುವುದು ಅವರ ನಿಯಮಕ್ಕೂ ವಿರುದ್ಧ. ಅದಕ್ಕೂ ಬೇರೆ ಫಾರ್ಮ್ ಇದೆ, ಅದನ್ನೂ ತುಂಬಿದೆ.

ಹುಡುಕಾಟದಿಂದ ಮೊದಲು ಮಾಯವಾಯಿತು. ಸ್ವಲ್ಪ ದಿನಕ್ಕೆ ಪುಟವೇ ಹೋಯಿತು. ಸೈಟಿನವರು "ಇದು ನಮ್ಮದೇ" ಅಂತ ಪ್ರತಿನೋಟಿಸ್ ಕೊಟ್ಟಿದ್ದರೆ, ನಾನು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಪುಟ ವಾಪಸ್ ಬರುತ್ತಿತ್ತು. ಅವರು ಕೊಡಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ನನ್ನ ಹೊಸ ಬರಹಗಳು ಹಾಕಿದ ಕೂಡಲೇ ಇನ್ನೊಂದು ಸೈಟಿನಲ್ಲಿ ಬರತೊಡಗಿದವು. ಯಾರೂ ಕೂತು ನಕಲು ಮಾಡುತ್ತಿರಲಿಲ್ಲ, ಹೊಸ ಬರಹವನ್ನು ಚಂದಾದಾರರಿಗೆ ತಾನಾಗಿ ತಲುಪಿಸುವ ಫೀಡ್‌ನಿಂದ ತಾನಾಗಿಯೇ ಹೋಗುತ್ತಿತ್ತು. ಫೀಡ್‌ನಲ್ಲಿ ಪೂರ್ತಿ ಬರಹ ಕೊಡುವುದನ್ನು ನಿಲ್ಲಿಸಿ ಮೊದಲ ಕೆಲವು ಸಾಲು ಮಾತ್ರ ಬಿಟ್ಟೆ. ಅಲ್ಲಲ್ಲಿ ನನ್ನದೇ ಹಳೆಯ ಬರಹಗಳ ಲಿಂಕ್ ಸೇರಿಸಿದೆ, ಕದ್ದರೂ ಓದುಗರು ನನ್ನ ಕಡೆ ಬರಲಿ ಅಂತ. ಫೋಟೋಗಳ ಮೇಲೆ ಸೈಟಿನ ಹೆಸರು ಹಾಕಲು ಶುರು ಮಾಡಿದೆ. ಮೂಲೆಯಲ್ಲಿ ಹಾಕಿದರೆ ಕತ್ತರಿಸುತ್ತಾರೆ, ಅದಕ್ಕೆ ನಡುವೆ, ತೆಳುವಾಗಿ. ಬಲಕ್ಲಿಕ್ ತಡೆಯುವ ಉಪಾಯ ನನಗೆ ಇಷ್ಟವಿಲ್ಲ. ಕಳ್ಳರಿಗೆ ಅದು ಅಡ್ಡಿಯೇ ಅಲ್ಲ, ಅಡುಗೆ ಸಾಮಾನಿನ ಪಟ್ಟಿ ನಕಲು ಮಾಡಿಕೊಳ್ಳುವ ಓದುಗರಿಗೆ ಮಾತ್ರ ತೊಂದರೆ.

ಈಚೆಗೆ ಬಂದಿರುವುದು ಓದಿ ಹೇಳುವವರ ಕಾಟ. ಪುತ್ತರಿ ಬಗ್ಗೆ ನಾನು ಬರೆದದ್ದನ್ನು ಒಂದು ಯೂಟ್ಯೂಬ್ ಚಾನೆಲ್ ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದಿ, ಹಿಂದೆ ಯಾರದೋ ವಿಡಿಯೋ ಓಡಿಸಿತ್ತು. ಬರಹವನ್ನು ಓದಿ ಪ್ರಸಾರ ಮಾಡುವುದಕ್ಕೂ ಅನುಮತಿ ಬೇಕು. ಯೂಟ್ಯೂಬ್‌ನ ದೂರಿನ ಫಾರ್ಮ್‌ನಲ್ಲಿ ಎರಡು ಆಯ್ಕೆ ಇರುತ್ತದೆ: ಕೂಡಲೇ ತೆಗೆಸುವುದು, ಇಲ್ಲವೇ 7 ದಿನ ಸಮಯ ಕೊಡುವುದು. ಸಮಯ ಕೊಟ್ಟರೆ ಅವರು ತಾವೇ ತೆಗೆದು, ಯೂಟ್ಯೂಬ್ ಚಾನೆಲ್ ಮೇಲೆ ದಾಖಲಿಸುವ ತಪ್ಪಿನ ಗುರುತಾದ ಸ್ಟ್ರೈಕ್‌ನಿಂದ ಪಾರಾಗಬಹುದು. ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಓದಿದ ದನಿ ಕೇಳಿದರೆ ಕಾಲೇಜು ಹುಡುಗನ ಹಾಗಿತ್ತು. ನಾನು 7 ದಿನದ್ದನ್ನೇ ಆರಿಸಿದೆ. ಅವಧಿ ಮುಗಿಯುವ ಮೊದಲೇ ಅವನೇ ವಿಡಿಯೋ ತೆಗೆದು, "ಅಕ್ಕಾ, ಅನುಮತಿ ಕೊಡ್ತೀರಾ, ನಿಮ್ಮ ಹೆಸರು ಹೇಳಿ ಮತ್ತೆ ಓದ್ತೀನಿ" ಅಂತ ಬರೆದ. ಪೂರ್ತಿ ಓದಬೇಕು, ನಡುವೆ ಕಡಿಯಬಾರದು, ಮೂಲದ ಲಿಂಕ್ ಕೆಳಗೆ ಹಾಕಬೇಕು ಅಂತ ಇಮೇಲ್‌ನಲ್ಲೇ ಬರೆದು ಒಪ್ಪಿಗೆ ಕೊಟ್ಟೆ.