ನಾಯಕನ ತಾಯಿಗೂ ಒಂದು ಚಿತ್ರಪಟ್ಟಿ: ಹಿಂದಿ ಪೋಷಕ ನಟಿಯ ವೃತ್ತಿ ದಾಖಲಿಸುವ ಬಗೆ

ನಾಯಕಿಯರ ಚಿತ್ರಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಪೋಷಕ ನಟಿಯದು ಸಿಕ್ಕರೂ ಅರ್ಧಂಬರ್ಧ. ಅಂಥವರ ಬಗ್ಗೆ ವಿಕಿಪೀಡಿಯ ಪುಟಕ್ಕೋ ಪತ್ರಿಕೆಗೋ ಬರೆಯಲು ಕೂತವರು ಇನ್ನೊಬ್ಬರ ಪಟ್ಟಿ ನಕಲು ಮಾಡುವ ಆಸೆಯನ್ನು ಮೊದಲು ಬಿಡಬೇಕು. ಸಿನಿಮಾವೇ ಆಧಾರ, ಮಿಕ್ಕಿದ್ದೆಲ್ಲ ಸುಳಿವು.

ಶುರು ಮಾಡಬೇಕಾದದ್ದು ಹೆಸರಿನಿಂದ, ಏಕೆಂದರೆ ಎಡವುವುದೂ ಅಲ್ಲೇ. ಹಿಂದಿಯಲ್ಲಿ ಇಬ್ಬರು ಸುಲೋಚನಾ ಇದ್ದಾರೆ. ಒಬ್ಬರು ರೂಬಿ ಮೇಯರ್ಸ್, ಮೂಕಿ ಕಾಲದ ತಾರೆ. 1928ರ ಮತ್ತು 1935ರ ‘ಅನಾರ್ಕಲಿ’ಗಳಲ್ಲಿ ಅನಾರ್ಕಲಿಯಾಗಿದ್ದ ಇವರೇ 1953ರ ‘ಅನಾರ್ಕಲಿ’ಯಲ್ಲಿ ಸಲೀಮನ ತಾಯಿ. ಇನ್ನೊಬ್ಬರು 1928ರಲ್ಲಿ ಬೆಳಗಾವಿ ಜಿಲ್ಲೆಯ ಖಡಕಲಾಟದಲ್ಲಿ ಹುಟ್ಟಿ, ಮರಾಠಿಯಿಂದ ಹಿಂದಿಗೆ ಬಂದ ಸುಲೋಚನಾ ಲಾಟ್ಕರ್. ಹಲವು ಟೈಟಲ್ ಕಾರ್ಡುಗಳಲ್ಲಿ ಬರೀ ‘ಸುಲೋಚನಾ’ ಎಂದಷ್ಟೇ ಇರುತ್ತದೆ. ಇಬ್ಬರೂ ಒಂದೇ ಕಾಲದಲ್ಲಿ ಹಿರಿಯ ಹೆಂಗಸರ ಪಾತ್ರ ಮಾಡುತ್ತಿದ್ದರಿಂದ ವರ್ಷ ನೋಡಿ ಬೇರ್ಪಡಿಸಲು ಬರುವುದಿಲ್ಲ. ಲೀಲಾ ಚಿಟ್ನಿಸ್ ಮತ್ತು ಲೀಲಾ ಮಿಶ್ರಾ ವಿಷಯದಲ್ಲೂ ಇದೇ ಗೋಳು.

ಪರಿಹಾರ ಮುಖವೇ. ಯಾವ ಗೊಂದಲವೂ ಇಲ್ಲದ ಒಂದು ಚಿತ್ರದಿಂದ ಆ ನಟಿಯ ಮೂರು ಫ್ರೇಮು ತೆಗೆದಿಟ್ಟುಕೊಳ್ಳಿ: ಎದುರು ಮುಖ, ಪಕ್ಕದ ಮುಖ, ನಿಂತ ಭಂಗಿ. ಹೊಸಬರು 1959ರ ‘ಸುಜಾತಾ’ದಿಂದ ಶುರು ಮಾಡಿದರೆ ಲಾಭ ಹೆಚ್ಚು. ನೂತನ್‌ಳನ್ನು ಸಾಕಿದ ಮನೆಯೊಡತಿ ಸುಲೋಚನಾ ಲಾಟ್ಕರ್, ಆ ಮನೆಯ ಮಗಳು ಶಶಿಕಲಾ, ಜಾತಿಯ ಮಾತೆತ್ತುವ ಹಿರಿಯ ಹೆಂಗಸು ಲಲಿತಾ ಪವಾರ್. ಒಂದೇ ಸಿನಿಮಾದಲ್ಲಿ ಮೂವರು ದೊಡ್ಡ ಪೋಷಕ ನಟಿಯರ ಮುಖ ಕೈಗೆ ಬರುತ್ತದೆ. ಮುಂದಿನ ಚಿತ್ರಗಳಲ್ಲಿ ಅನುಮಾನ ಬಂದಾಗ ಈ ಫ್ರೇಮುಗಳನ್ನು ಪಕ್ಕದಲ್ಲಿಟ್ಟು ನೋಡಿ. ಮುದುಕಿಯ ವೇಷದಲ್ಲಿ ಕೂದಲು, ಕನ್ನಡಕ, ಸೆರಗು ಎಲ್ಲ ಬದಲಾಗುತ್ತವೆ. ಕಿವಿಯ ಆಕಾರ, ದವಡೆ, ದನಿ ಬದಲಾಗುವುದಿಲ್ಲ.

ಆಮೇಲೆ ಒಂದು ಕೋಷ್ಟಕ. ಎಂಟು ಕಾಲಂ ಸಾಕು: ಚಿತ್ರ, ಬಿಡುಗಡೆಯ ವರ್ಷ, ಭಾಷೆ, ನಿರ್ದೇಶಕ, ಪಾತ್ರದ ಹೆಸರು, ನಾಯಕನಿಗೆ ಅಥವಾ ನಾಯಕಿಗೆ ಆಕೆ ಏನಾಗಬೇಕು, ಕಾರ್ಡಿನಲ್ಲಿ ಹೆಸರು ಇರುವ ರೀತಿ, ನೀವೇ ನೋಡಿದಿರೋ ಇಲ್ಲವೋ. ಕೊನೆಯ ಕಾಲಂನಲ್ಲಿ ಸುಳ್ಳು ಬರೆಯಬೇಡಿ. ನೋಡದ ಚಿತ್ರವನ್ನೂ ಪಟ್ಟಿಗೆ ಸೇರಿಸಬಹುದು, ಆದರೆ ಗುರುತು ಹಾಕಿರಬೇಕು. ಪಾತ್ರಕ್ಕೆ ಹೆಸರೇ ಇಲ್ಲದಿದ್ದರೆ ‘ಶಂಕರನ ತಾಯಿ’ ಎಂದಷ್ಟೇ ಬರೆಯಿರಿ. ಚೆಂದ ಕಾಣಲಿ ಎಂದು ಹೆಸರು ಕಟ್ಟಬೇಡಿ.

ನೋಡುವ ಪ್ರತಿ ಪೂರ್ತಿ ಇದೆಯೇ ಎಂಬುದನ್ನು ಬಹಳ ಮಂದಿ ಪರೀಕ್ಷಿಸುವುದೇ ಇಲ್ಲ. ವಿಸಿಡಿಗೆ ಹಾಕುವಾಗ, ಟೀವಿಗೆ ಕೊಡುವಾಗ ಹಾಡು, ಫೈಟು ಉಳಿಸಿ ಮನೆಯೊಳಗಿನ ದೃಶ್ಯಕ್ಕೇ ಕತ್ತರಿ ಹಾಕಿದ ಪ್ರತಿಗಳಿವೆ. ಅಲ್ಲಿ ಹೋಗುವುದು ತಾಯಿ, ಅತ್ತೆ, ಅತ್ತಿಗೆಯ ಪಾತ್ರಗಳೇ. ಲೆಕ್ಕ ಸುಲಭ. ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ಇರುತ್ತದೆ. 35 ಎಂಎಂ ಫಿಲ್ಮು ಒಂದು ನಿಮಿಷಕ್ಕೆ 90 ಅಡಿ ಓಡುತ್ತದೆ, ಮೀಟರಿನಲ್ಲಾದರೆ ಸುಮಾರು 27.4. ಉದ್ದ 14,000 ಅಡಿ ಇದ್ದರೆ 155 ನಿಮಿಷ ಆಗಬೇಕು. ನಿಮ್ಮ ಪ್ರತಿ 149 ನಿಮಿಷ ಬಂದರೆ ಗಾಬರಿ ಬೇಡ: ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ಕ್ಕೆ ಓಡಿಸಿದ ವಿಡಿಯೊ ನೂರಕ್ಕೆ ನಾಲ್ಕರಷ್ಟು ಚಿಕ್ಕದಾಗುತ್ತದೆ. 130 ಬಂದರೆ ಮಾತ್ರ ಕತ್ತರಿ ಬಿದ್ದಿದೆ. ಅಂಥ ಪ್ರತಿ ನೋಡಿ ‘ಈ ಚಿತ್ರದಲ್ಲಿ ಆಕೆ ಇಲ್ಲ’ ಎಂದು ತೀರ್ಮಾನಿಸುವಂತಿಲ್ಲ.

ಪ್ರಮಾಣಪತ್ರದ ದಿನಾಂಕವನ್ನೇ ಬಿಡುಗಡೆಯ ದಿನ ಎಂದೂ ತಿಳಿಯಬಾರದು. ಡಿಸೆಂಬರಿನಲ್ಲಿ ಸೆನ್ಸಾರ್ ಆದದ್ದು ಮುಂದಿನ ವರ್ಷ ತೆರೆಗೆ ಬಂದಿರಬಹುದು. ಚಿತ್ರವೇ ಸಿಗದಿದ್ದರೆ ಹಾಡಿನ ಪುಸ್ತಕ ಹುಡುಕಿ. ಥಿಯೇಟರಿನಲ್ಲಿ ಮಾರುತ್ತಿದ್ದ ಆ ಪುಟ್ಟ ಪುಸ್ತಕಗಳಲ್ಲಿ ತಾರಾಗಣ ಅಚ್ಚಾಗಿರುತ್ತಿತ್ತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಇಂಥ ಪುಸ್ತಕ, ಸ್ಟಿಲ್ಲು, ಪೋಸ್ಟರುಗಳ ರಾಶಿಯಿದೆ. ಹರಮಂದಿರ್ ಸಿಂಗ್ ‘ಹಮ್‌ರಾಜ್’ ದಶಕವಾರು ಸಂಪಾದಿಸಿದ ‘ಹಿಂದಿ ಫಿಲ್ಮ್ ಗೀತ್ ಕೋಶ್’ ಹೆಸರಿಗೆ ಹಾಡಿನ ಕೋಶವಾದರೂ ಅದರಲ್ಲಿ ತಾರಾಗಣವೂ ಇದೆ.

ಪ್ರಶಸ್ತಿಯ ವರ್ಷದಲ್ಲಿ ಒಂದು ವರ್ಷದ ತಪ್ಪು ಮಾಮೂಲು. ಲಲಿತಾ ಪವಾರ್‌ಗೆ ಫಿಲ್ಮ್‌ಫೇರ್ ತಂದ ‘ಅನಾಡಿ’ 1959ರ ಚಿತ್ರ, ಸಮಾರಂಭ ನಡೆದದ್ದು 1960ರಲ್ಲಿ. ಎರಡನ್ನೂ ಬರೆಯಿರಿ. ರಾಷ್ಟ್ರಪ್ರಶಸ್ತಿಯಲ್ಲಿ ಪೋಷಕ ನಟಿ ವಿಭಾಗ ಶುರುವಾದದ್ದೇ 1984ರ ಚಿತ್ರಗಳಿಂದ. ಮೊದಲು ಪಡೆದವರು ‘ಪಾರ್ಟಿ’ಗಾಗಿ ರೋಹಿಣಿ ಹಟ್ಟಂಗಡಿ. ಹಾಗಾಗಿ ಐವತ್ತರ ದಶಕದ ನಟಿಗೆ ‘ರಾಷ್ಟ್ರಪ್ರಶಸ್ತಿ ಬರಲೇ ಇಲ್ಲ’ ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಪೋಷಕ ಎಂಬ ಹಣೆಪಟ್ಟಿಯನ್ನೇ ಒಪ್ಪದವರೂ ಇದ್ದಾರೆ: ‘ದೇವದಾಸ್’ನ (1955) ಚಂದ್ರಮುಖಿ ಪಾರೋಗೆ ಸಮನಾದ ಪಾತ್ರ ಎಂದು ವೈಜಯಂತಿಮಾಲಾ ಆ ಫಿಲ್ಮ್‌ಫೇರನ್ನು ನಿರಾಕರಿಸಿದರು.

ವೃತ್ತಿಯ ಘಟ್ಟಗಳನ್ನು ಗುರುತಿಸಲು ವಯಸ್ಸಿನ ಕಾಲಂ ಒಂದನ್ನು ಸೇರಿಸಿ. ಬೇರೆ ಯಾವ ವಿಶ್ಲೇಷಣೆಗಿಂತಲೂ ಅದು ಹೆಚ್ಚು ಹೇಳುತ್ತದೆ. ಲೀಲಾ ಚಿಟ್ನಿಸ್ 1939ರಿಂದ 1941ರವರೆಗೆ ‘ಕಂಗನ್’, ‘ಬಂಧನ್’, ‘ಝೂಲಾ’ಗಳಲ್ಲಿ ಅಶೋಕ್ ಕುಮಾರರ ನಾಯಕಿ. 1948ರ ‘ಶಹೀದ್’ನಲ್ಲಿ ದಿಲೀಪ್ ಕುಮಾರರ ತಾಯಿ, 1951ರ ‘ಆವಾರಾ’ದಲ್ಲಿ ರಾಜ್ ಕಪೂರರ ತಾಯಿ. ನಾಯಕಿಯಿಂದ ತಾಯಿಗೆ ಏಳೇ ವರ್ಷ. ಸುಲೋಚನಾ ಲಾಟ್ಕರ್ ಲೆಕ್ಕ ಇನ್ನೂ ವಿಚಿತ್ರ: 1970ರ ‘ಜಾನಿ ಮೇರಾ ನಾಮ್’ನಲ್ಲಿ ದೇವ್ ಆನಂದ್ ಮತ್ತು ಪ್ರಾಣ್ ಇಬ್ಬರೂ ಅವರ ಮಕ್ಕಳು. ದೇವ್ ಹುಟ್ಟಿದ್ದು 1923ರಲ್ಲಿ, ಪ್ರಾಣ್ 1920ರಲ್ಲಿ. ತಾಯಿಗಿಂತ ಇಬ್ಬರು ಮಕ್ಕಳೂ ದೊಡ್ಡವರು!

ಬದುಕಿನ ಭಾಗಕ್ಕೆ ಬಂದಾಗ ಒಂದೇ ಘಟನೆಗೆ ಜೋತುಬೀಳಬೇಡಿ. ಲಲಿತಾ ಪವಾರ್ ಎಂದೊಡನೆ ಎಲ್ಲರೂ ಬರೆಯುವುದು 1942ರಲ್ಲಿ ಚಿತ್ರೀಕರಣದ ವೇಳೆ ಬಿದ್ದ ಕೆನ್ನೆಯೇಟು, ಅದರಿಂದ ಕೆಟ್ಟ ಎಡಗಣ್ಣು. ಆ ಕಣ್ಣು ಅವರನ್ನು ನಾಯಕಿಯ ಪಾತ್ರಗಳಿಂದ ದೂರ ಮಾಡಿದ್ದು ನಿಜ. ಆದರೆ ಅಲ್ಲಿಂದ ‘ರಾಮಾಯಣ’ ಧಾರಾವಾಹಿಯ ಮಂಥರೆಯವರೆಗೆ ನಲವತ್ತೈದು ವರ್ಷದ ದುಡಿಮೆ ಇದೆ. ಕೆನ್ನೆಯೇಟಿಗೆ ಎರಡು ವಾಕ್ಯ ಸಾಕು.

ಹುಟ್ಟೂರಿನ ಬಗ್ಗೆ ನಮ್ಮವರಿಗೆ ಒಂದು ಎಚ್ಚರಿಕೆ. ಚಿಟ್ನಿಸ್ ಹುಟ್ಟಿದ್ದು ಧಾರವಾಡದಲ್ಲಿ. ಅಷ್ಟಕ್ಕೇ ‘ಕನ್ನಡತಿ’ ಎಂದು ತಲೆಬರಹ ಕೊಟ್ಟರೆ ತಪ್ಪು. ಮನೆಮಾತು ಮರಾಠಿ, ಆತ್ಮಕಥೆ ಬರೆದದ್ದೂ ಮರಾಠಿಯಲ್ಲೇ, ಊರು ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ‘ಮುಂಬಯಿ ಪ್ರಾಂತ್ಯದ, ಇಂದಿನ ಕರ್ನಾಟಕದ ಧಾರವಾಡ’ ಎಂದು ಬರೆಯಿರಿ. ಅವರ ಹುಟ್ಟಿದ ವರ್ಷ ಕೆಲವೆಡೆ 1909, ಕೆಲವೆಡೆ 1912 ಎಂದಿದೆ. ಒಂದನ್ನು ಅಳಿಸದೆ ಎರಡನ್ನೂ ಕೊಡಿ, ವಯಸ್ಸಿನ ಕಾಲಂನಲ್ಲೂ ಎರಡು ಅಂಕಿ ಬರಲಿ.

ಕೊನೆಗೆ ಫೋಟೊ. ನಮ್ಮ ಕಾಯ್ದೆಯಲ್ಲಿ ಚಿತ್ರಕ್ಕೂ ಸ್ಟಿಲ್ಲಿಗೂ ಹಕ್ಕು ಇರುವುದು ಪ್ರಕಟವಾದ ಮರುವರ್ಷದಿಂದ 60 ವರ್ಷ. ‘ಆವಾರಾ’ದ ಫ್ರೇಮು ಈಗ ಧಾರಾಳವಾಗಿ ಬಳಸಬಹುದು, ‘ಜಾನಿ ಮೇರಾ ನಾಮ್’ನದಕ್ಕೆ 2030 ಮುಗಿಯುವವರೆಗೆ ಕಾಯಬೇಕು. ಯಾರೋ ಈಚೆಗೆ ಬಣ್ಣ ತುಂಬಿದ ಪ್ರತಿ ಮುಟ್ಟಬೇಡಿ. ಕಪ್ಪು ಬಿಳುಪಿನ ಮೂಲದಿಂದಲೇ ಫ್ರೇಮು ತೆಗೆದು, ಚಿತ್ರದ ಹೆಸರು, ವರ್ಷ, ಎಷ್ಟನೆಯ ನಿಮಿಷ ಎಂಬುದನ್ನು ಅಡಿಯಲ್ಲಿ ಬರೆಯಿರಿ.