ಟಿಟಿ (ಟೆಂಪೋ ಟ್ರಾವೆಲರ್) ಮೇಲಿಂದ ಹುಡುಗರು ಬೀಳದಿರಲು

ನಾನು ಬೆಂಗಳೂರಿನ ಒಂದು ಟ್ರಾವೆಲ್ಸ್ ಯಾರ್ಡಿನ ಸೂಪರ್‌ವೈಸರ್. ಬಾಡಿಗೆ ಗಾಡಿ ಅಂದರೆ ಎಲ್ಲರಿಗೂ ರಸ್ತೆಯ ಅಪಘಾತವೇ ನೆನಪಾಗುತ್ತದೆ. ನನಗೆ ಭಯ ನಿಂತ ಗಾಡಿಯದ್ದು.

ನೀವು ಹೊಸ ಸೂಪರ್‌ವೈಸರ್ ಆಗಿ ಬಂದರೆ ಮೊದಲು ವಾಷಿಂಗ್ ಜಾಗ ನೋಡಿ. ಶಾಂಪೂ ನೊರೆ, ಡೀಸೆಲ್ ಹನಿ, ಟೈರ್ ಪಾಲಿಶ್ ಬಿದ್ದ ನೆಲದಲ್ಲಿ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ನೆಲ ಒರಟಾಗಿರಲಿ, ನೀರು ಮೋರಿಗೆ ಇಳಿಯಲಿ. ಗಮ್‌ಬೂಟು ಮಾಲೀಕರ ಖರ್ಚಿನಲ್ಲೇ ಬರಲಿ. ಎಣ್ಣೆ ಚೆಲ್ಲಿದರೆ ನೀರು ಹೊಡೆಯಬೇಡಿ, ಹರಡುತ್ತದೆ. ಮರದ ಹೊಟ್ಟು ಹಾಕಿ ಗುಡಿಸಿ.

ನಿಜವಾದ ತಲೆನೋವು ಟಿಟಿಯ ಮೇಲಿನ ಕ್ಯಾರಿಯರ್. ಡಿಸೆಂಬರ್‌ನಲ್ಲಿ ಶಬರಿಮಲೆ ಟ್ರಿಪ್ ಶುರುವಾದರೆ ಬೆಳಗಿನ ಜಾವದ ಕತ್ತಲಲ್ಲೇ ಲಗೇಜು ಕಟ್ಟಬೇಕು. ಹಿಂದಿನ ಏಣಿ ಹತ್ತುವವನ ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಯಾವಾಗಲೂ ಏಣಿಯ ಮೇಲಿರಬೇಕು. ಹಾಗಾದರೆ ಬ್ಯಾಗು ಹೊತ್ತು ಹತ್ತುವ ಮಾತೇ ಇಲ್ಲ. ಒಬ್ಬ ಮೇಲಿಂದ ಹಗ್ಗದಲ್ಲಿ ಎಳೆದುಕೊಳ್ಳಲಿ. ಹಗ್ಗ ಬಿಗಿಯುವುದು ಮಾತ್ರ ಕೆಳಗೆ ನಿಂತೇ. ಮೇಲೆ ಅಂಚಿನಲ್ಲಿ ನಿಂತು ಜಗ್ಗುವಾಗ ಗಂಟು ಜಾರಿತೋ, ಬೆನ್ನಡಿಯಾಗಿ ಬೀಳುತ್ತಾನೆ. ಡ್ರೈವರ್ ಅವಸರಕ್ಕೆ ಗಾಡಿ ಮುಂದೆ ಬಿಡುವುದೂ ಉಂಟು. ಅದಕ್ಕೆ ಒಂದೇ ಮದ್ದು: ಮೇಲಿರುವವನ ಜೇಬಿನಲ್ಲಿ ಕೀ. ಬೇರೆ ಏಣಿ ಒರಗಿಸುವುದಾದರೆ 4 ಅಡಿ ಎತ್ತರಕ್ಕೆ ಬುಡ 1 ಅಡಿ ದೂರ.

ಆಯುಧಪೂಜೆ ದಿನ ಬಂಪರ್ ಮೇಲೆ ನಿಂತು ಹಾರ ಕಟ್ಟುವವರನ್ನು ಇಳಿಸಿ, ಸ್ಟೂಲು ಕೊಡಿ. ಬೂದುಗುಂಬಳ ಒಡೆದ ತಕ್ಷಣ ಚೂರುಗಳನ್ನು ಬಳಿದು ತೆಗೆದುಬಿಡಿ. ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಿದ್ದವನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಬೇಡಿ. ಕುತ್ತಿಗೆ, ಬೆನ್ನು ನೋವು ಅಂದರೆ, ಕೈಕಾಲು ಜೋಮು ಹಿಡಿದಿದ್ದರೆ, ಮಲಗಿದಲ್ಲೇ ಬಿಟ್ಟು 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿ ವಾಂತಿಯೋ ಮಂಪರೋ ಬಂದರೆ ಮನೆಗೆ ಕಳಿಸದೆ ಆಸ್ಪತ್ರೆಗೇ ಕರೆದೊಯ್ಯಿರಿ.

‘ಮನೆಯಲ್ಲಿ ಬಿದ್ದೆ ಅಂತ ಹೇಳು’ ಎನ್ನುವ ಮಾಲೀಕರೂ ಇದ್ದಾರೆ. ಒಪ್ಪಬೇಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಹುಡುಗನಿಗೆ ಕೆಲಸದಲ್ಲಿ ಗಾಯವಾಗಿ ರಜೆ ಬಿದ್ದರೆ ಸಂಬಳದ ಸುಮಾರು ಶೇ. 90ರಷ್ಟು ಸಿಗುತ್ತದೆ. ಸುಳ್ಳು ಬರೆಸಿದರೆ ಆ ದುಡ್ಡು ಕೈತಪ್ಪುತ್ತದೆ. ಅಪಘಾತದ ರಿಜಿಸ್ಟರಿನಲ್ಲಿ ಜಾಗ, ಗಂಟೆ, ನೋಡಿದವರ ಹೆಸರು ಅವತ್ತೇ ಬರೆದಿಡಿ. ಸಿಸಿಟಿವಿ ತುಣುಕು ಅಳಿಸಿಹೋಗುವ ಮುಂಚೆ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.