ಮಗುವಿಗೆ ಎಚ್‌ಐವಿ ಇದೆ ಸರಿ, ಹೆಪಟೈಟಿಸ್ ಬಿ ಪರೀಕ್ಷೆ ಆಯ್ತಾ?

ಹೆಪಟೈಟಿಸ್ ಬಿ ಅಂದರೆ ಲಿವರ್ ಕೆಡಿಸುವ ಒಂದು ವೈರಸ್, ಎಚ್‌ಐವಿ ಥರವೇ ಇದೂ ತಾಯಿಯಿಂದ, ರಕ್ತದಿಂದ ಬರುತ್ತದೆ. ಮೊದಲು ಮನೆಯಲ್ಲಿ ತಾಯಿ ಕಾರ್ಡ್ ಹುಡುಕಿ. ಬೀರುವಿನಲ್ಲೋ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲೋ ಇರುತ್ತದೆ. ಲಸಿಕೆ ಪುಟ ತೆಗೆಯಿರಿ. ಹುಟ್ಟಿದಾಗ ಕೊಡುವ ಬಿಸಿಜಿ, ಪೋಲಿಯೊ ಪಕ್ಕದಲ್ಲೇ ಹೆಪಟೈಟಿಸ್ ಬಿ ಅಂತ ಬರೆದಿರುತ್ತದೆ. ಅಲ್ಲಿ ತಾರೀಖು ಇದೆಯಾ? ಹೆರಿಗೆಯಾದ 24 ಗಂಟೆಯೊಳಗಿನದ್ದಾ? ಆಮೇಲೆ 6, 10, 14ನೇ ವಾರದ ಪೆಂಟಾವೇಲೆಂಟ್ ನೋಡಿ, ಅದರೊಳಗೂ ಇದೇ ಲಸಿಕೆ ಇದೆ. ಎಷ್ಟೋ ಕಾರ್ಡುಗಳಲ್ಲಿ ವಾರದ ಲೆಕ್ಕದ್ದೆಲ್ಲ ತುಂಬಿರುತ್ತದೆ, ಆ ಮೊದಲನೆಯದೇ ಖಾಲಿ. ಆದರೆ ಅದೇ ಮುಖ್ಯ, ಯಾಕೆಂದರೆ ಹೆರಿಗೆ ಹೊತ್ತಲ್ಲಿ ತಾಯಿಯಿಂದ ಈ ವೈರಸ್ ಬಂದರೆ ನೂರಕ್ಕೆ 90 ಮಕ್ಕಳಲ್ಲಿ ಅದು ಹೋಗುವುದೇ ಇಲ್ಲ, ದೊಡ್ಡವರಾದ ಮೇಲೆ ಬಂದರೆ ನೂರಕ್ಕೆ ಐದು ಜನರಲ್ಲೂ ಉಳಿಯುವುದಿಲ್ಲ.

ಕಾರ್ಡ್ ಪೂರ್ತಿ ತುಂಬಿದ್ದರೂ ಸುಮ್ನಾಗಬೇಡಿ. ಎಚ್‌ಐವಿ ಇರುವ ಮಕ್ಕಳಲ್ಲಿ ಲಸಿಕೆ ಸರಿಯಾಗಿ ಹತ್ತದೇ ಹೋಗುವುದು ಜಾಸ್ತಿ. ಎಆರ್‌ಟಿ ಸೆಂಟರಿಗೆ ಎಚ್‌ಐವಿ ಮಾತ್ರೆ ತರಲು ಹೋದಾಗ ನೇರವಾಗಿ ಕೇಳಿ: ‘ಡಾಕ್ಟ್ರೇ, ಮಗುಗೆ ಎಚ್‌ಬಿಎಸ್‌ಎಜಿ ಮಾಡಿದ್ದೀರಾ? ಲಸಿಕೆ ಹತ್ತಿದೆಯಾ ಅಂತ ನೋಡೋ ಟೆಸ್ಟೂ ಬರೆದುಕೊಡ್ತೀರಾ?’ ಮೊದಲನೆಯದು ವೈರಸ್ ಇದೆಯಾ ಅಂತ ಹೇಳುತ್ತದೆ. ಎರಡನೆಯದರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ. ವೈರಸ್ ಇಲ್ಲ, ರಕ್ಷಣೆಯೂ ಇಲ್ಲ ಅಂದರೆ ಲಸಿಕೆ ಮತ್ತೆ ಹಾಕಿಸಬಹುದು. ಇದು ಜೀವಂತ ವೈರಸ್ಸಿನ ಲಸಿಕೆ ಅಲ್ಲ, ಹಾಗಾಗಿ ಎಚ್‌ಐವಿ ಇದೆ ಅಂತ ಹೆದರಬೇಕಿಲ್ಲ.

ವೈರಸ್ ಇದೆ ಅಂತ ಬಂತಾ? ಹಾಗಾದರೆ ಈಗ ಮಾತ್ರೆ ಡಬ್ಬಿ ಕೈಗೆತ್ತಿಕೊಳ್ಳಿ, ಲೇಬಲ್ ಓದಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಅಬಕಾವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಕೊಡುತ್ತಾರೆ. ಎಚ್‌ಐವಿಗೆ ಮೂರೂ ಕೆಲಸ ಮಾಡುತ್ತವೆ, ಆದರೆ ಹೆಪಟೈಟಿಸ್ ಬಿ ಮೇಲೆ ಲ್ಯಾಮಿವುಡಿನ್ ಒಂದೇ. ಒಂಟಿ ಔಷಧಿಯಾದರೆ ವೈರಸ್ ಅದನ್ನು ಮೀರುವುದು ಕಲಿತುಬಿಡುತ್ತದೆ. ಇದಕ್ಕೇ ಎರಡರ ಮೇಲೂ ಕೆಲಸ ಮಾಡುವ ಟೆನೊಫೊವಿರ್ ಬೇಕಾಗುವುದು. ಕೊಡಬಹುದಾ, ಯಾವಾಗ ಅನ್ನುವುದನ್ನು ಡಾಕ್ಟರು ವಯಸ್ಸು, ತೂಕ, ಕಿಡ್ನಿ ನೋಡಿ ಹೇಳುತ್ತಾರೆ. ನೀವು ಕೇಳಬೇಕಾದ್ದು ಇಷ್ಟೇ: ‘ಈ ಮಾತ್ರೆಲಿ ಎರಡಕ್ಕೂ ಔಷಧಿ ಇದೆಯಾ?’ ಮುಂದೆ ಎಂದಾದರೂ ಮಾತ್ರೆ ಬದಲಾಯಿಸಿದರೆ, ಊರು ಬದಲಾಗಿ ಬೇರೆ ಸೆಂಟರಿಗೆ ಹೋದರೆ, ಇದೇ ಪ್ರಶ್ನೆ ಮತ್ತೆ ಕೇಳಿ, ಯಾಕೆಂದರೆ ಹೆಪಟೈಟಿಸ್ ಬಿ ಔಷಧಿ ತಟ್ಟನೆ ನಿಂತರೆ ಸುಮ್ಮನಿದ್ದ ವೈರಸ್ ಎದ್ದು ಲಿವರ್ ಕೆಡಿಸಬಹುದು.

ಹಾಗೇ ಒಂದು ಮಾತು. ಕಾಮಾಲೆಗೆ ಸೊಪ್ಪು ಅರೆದು ಕೊಡುವವರು ಎಲ್ಲ ಊರಲ್ಲೂ ಇದ್ದಾರೆ, ಪಥ್ಯ ಅಂತ ಇರೋ ಮಾತ್ರೆನೂ ನಿಲ್ಲಿಸಿ ಅನ್ನುವವರೂ ಇದ್ದಾರೆ. ನಿಲ್ಲಿಸಬೇಡಿ. ಕಣ್ಣು ಹಳದಿ ಕಾಣುವವರೆಗೆ ಕಾಯಲೂ ಬೇಡಿ, ಹೆಚ್ಚಿನ ಮಕ್ಕಳಲ್ಲಿ ವರ್ಷಗಟ್ಟಲೆ ಏನೂ ಕಾಣುವುದಿಲ್ಲ.

ಮನೆಯಲ್ಲಿ ಊಟದ ತಟ್ಟೆ ಬೇರೆ ಮಾಡುವುದು ಬೇಕಿಲ್ಲ, ಒಟ್ಟಿಗೆ ಉಂಡರೆ ಎರಡೂ ಹರಡುವುದಿಲ್ಲ. ಬೇರೆ ಇಡಬೇಕಾದ್ದು ಬ್ರಷ್, ಬ್ಲೇಡ್, ಉಗುರು ಕಟ್ಟರ್. ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ ಕನಿಷ್ಠ ಏಳು ದಿನ ಬದುಕಿರುತ್ತದೆ. ದೇವಸ್ಥಾನದಲ್ಲಿ ಮುಡಿ ಕೊಡಿಸುವಾಗ ಹೊಸ ಬ್ಲೇಡಿನ ಕವರ್ ನಿಮ್ಮ ಕಣ್ಣೆದುರೇ ಹರಿಯಲಿ, ಕಿವಿ ಚುಚ್ಚಿಸುವಾಗಲೂ ಅಷ್ಟೇ. ಶಾಲೆಗೆ ಹೇಳಲೇಬೇಕಾ ಅಂತ ಕೇಳುತ್ತಾರೆ. ಬೇಕಿಲ್ಲ. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಪಾಡುವ ಹಕ್ಕು ಕೊಟ್ಟಿದೆ.

ಅಪ್ಪ, ಅಮ್ಮ, ಅಣ್ಣ, ತಂಗಿ ಎಲ್ಲರಿಗೂ ಪರೀಕ್ಷೆ ಮಾಡಿಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಅಮ್ಮನಿಗೆ ಹೆಪಟೈಟಿಸ್ ಬಿ ಇದ್ದು ಇನ್ನೊಂದು ಮಗು ಬರುವುದಿದ್ದರೆ, ಹುಟ್ಟಿದ ಕೂಡಲೇ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ನೂ ಬೇಕು. ಅದು ಹೆರಿಗೆ ಆಸ್ಪತ್ರೆಯಲ್ಲಿ ಸಿಗುತ್ತದಾ ಅಂತ ಎಂಟನೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ.